ಕಲಿಸಿದವರ ಹೆಸರು ಎಲ್ಲಿ?

ಮುಂದಿನ ಸಂಚಿಕೆ ಆಟ ಕಲಿಸಿದವರಿಗೆ ಮೀಸಲು ಎಂದು ಕಳೆದ ಸಲ ಒಂದು ಸಾಲು ಹಾಕಿದ್ದೇ ತಡ, ತಕರಾರಿನ ಪತ್ರಗಳು ಬರತೊಡಗಿದವು. ಸಾಹಿತ್ಯ ಪತ್ರಿಕೆಗೆ ಆಟದ ಉಸಾಬರಿ ಯಾಕೆ, ಅದಕ್ಕೆ ದಿನಪತ್ರಿಕೆಗಳಲ್ಲಿ ಜಾಗ ಇಲ್ಲವೇ ಎಂಬುದು ಎಲ್ಲವುಗಳ ತಿರುಳು. ಬರೆದವರಲ್ಲಿ ನಾವು ಗೌರವಿಸುವ ಹಿರಿಯರೂ ಇದ್ದಾರೆ. ಆದರೂ ಈ ಮಾತನ್ನು ಒಪ್ಪಲಾರೆವು.

ಯಾಕೆಂದು ಹೇಳಲು ಒಂದು ಉದಾಹರಣೆ ಸಾಕು. 2020ರ ಅಕ್ಟೋಬರ್ 12ರಂದು ಫುಟ್‌ಬಾಲ್ ಆಟಗಾರ ಕಾರ್ಲ್‌ಟನ್ ಚಾಪ್‌ಮನ್ ತೀರಿಕೊಂಡರು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದವರು. 1993ರ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಮಣಿಸಿದಾಗ ಅದರಲ್ಲಿ 3 ಗೋಲು ಈ ಮಿಡ್‌ಫೀಲ್ಡರನವು. ಬೈಚುಂಗ್ ಭುಟಿಯಾ ಜೊತೆ ಆಡಿ 1996–97ರಲ್ಲಿ ಜೆಸಿಟಿ ತಂಡಕ್ಕೆ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆಲ್ಲಿಸಿಕೊಟ್ಟರು. 2000–01ರಲ್ಲಿ ಈಸ್ಟ್ ಬೆಂಗಾಲ್ ಅದೇ ಲೀಗ್ ಗೆದ್ದಾಗ ನಾಯಕ ಅವರೇ. ದೇಶದ ತಂಡಕ್ಕೂ ನಾಯಕರಾಗಿದ್ದರು.

ಇಷ್ಟನ್ನು ಫುಟ್‌ಬಾಲ್ ಬಲ್ಲವರು ಬಾಯಿಪಾಠ ಒಪ್ಪಿಸುತ್ತಾರೆ. 2001ರಲ್ಲಿ ಆಟ ಬಿಟ್ಟ ಮೇಲೆ ಏನು ಮಾಡಿದರು ಎಂದು ಕೇಳಿದರೆ ಮಾತು ನಿಲ್ಲುತ್ತದೆ. ತಾನು ಕಲಿತ ಟಾಟಾ ಅಕಾಡೆಮಿಗೇ ಮರಳಿ ಹುಡುಗರಿಗೆ ಕಲಿಸಿದರು. ಶಿಲ್ಲಾಂಗ್‌ಗೆ ಹೋಗಿ ರಾಯಲ್ ವಾಹಿಂಗ್‌ಡೋ ತಂಡ ಕಟ್ಟಿ ಬೆಳೆಸಿದರು. ಕೋಝಿಕ್ಕೋಡಿನಲ್ಲಿ ದುಡಿದರು. 49ನೆಯ ವಯಸ್ಸಿನಲ್ಲಿ ಹೃದಯಾಘಾತ ಅವರನ್ನು ಕೊಂಡೊಯ್ದಿತು. ಕೋಲ್ಕತ್ತ ಅವರನ್ನು ತನ್ನವರೆಂದು ನೆನೆಯಿತು. ಕನ್ನಡಿಗನೊಬ್ಬ ಹೊರಗೆ ಹೆಸರು ಮಾಡಿದರೆ ಮುಖಪುಟದ ಮೇಲೆ ಕೂರಿಸುವ ರಾಜಧಾನಿಯ ಸಾಹಿತ್ಯ ಪತ್ರಿಕೆಗಳಲ್ಲಿ ತಮ್ಮದೇ ಊರಿನ ಈ ಮನುಷ್ಯನ ಬಗ್ಗೆ ಒಂದು ಪುಟವನ್ನೂ ನಾವು ಕಾಣಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಈ ಸಂಚಿಕೆಗೆ ಮೂಲವೂ ಅದೇ.

ಕಲಿಸಿದ ವರ್ಷಗಳನ್ನು ಮರೆಯುವುದು ನಮ್ಮೊಬ್ಬರ ರೋಗವಲ್ಲ. 2024ರ ಅಕ್ಟೋಬರಿನಲ್ಲಿ ಯೋಹಾನ್ ನೇಸ್ಕೆನ್ಸ್ ತೀರಿಕೊಂಡಾಗ ಜಗತ್ತೆಲ್ಲ 1974ರ ವಿಶ್ವಕಪ್ ಫೈನಲ್ಲನ್ನೇ ನೆನೆಯಿತು: ಮ್ಯೂನಿಕ್‌ನಲ್ಲಿ ಜರ್ಮನರ ಕಾಲಿಗೆ ಚೆಂಡು ತಾಗುವ ಮೊದಲೇ ಸಿಕ್ಕ ಪೆನಾಲ್ಟಿ, ಅದನ್ನು ಗೋಲಾಗಿಸಿದ ಡಚ್ ಮಿಡ್‌ಫೀಲ್ಡರ್. ಅಯಾಕ್ಸ್ ಪರ ಸತತ 3 ಯುರೋಪಿಯನ್ ಕಪ್ ಗೆದ್ದವರು, ಎರಡು ವಿಶ್ವಕಪ್ ಫೈನಲ್ ಸೋತವರು. ಆದರೆ ಅವರು ಪ್ರಾಣ ಬಿಟ್ಟದ್ದು ಅಲ್ಜೀರಿಯಾದಲ್ಲಿ, ಅಲ್ಲಿನ ತರಬೇತುದಾರರಿಗೆ ಕಲಿಸಲು ಹೋದಾಗ. ಬಾರ್ಸಿಲೋನಾದಲ್ಲಿ, ಆಸ್ಟ್ರೇಲಿಯಾ ತಂಡದಲ್ಲಿ ಇನ್ನೊಬ್ಬ ಕೋಚ್‌ನ ಪಕ್ಕದಲ್ಲಿ ಎರಡನೆಯವರಾಗಿ ನಿಂತು ದುಡಿದ ವರ್ಷಗಳ ಬಗ್ಗೆ ಬರೆದವರು ಎಷ್ಟು ಮಂದಿ? ವಿಜಯಪುರದ ಪತ್ರಿಕೆಯಲ್ಲಿ ಡಚ್ಚರ ಮಾತೇಕೆ ಎನ್ನುವವರಿಗೆ ಒಂದು ಮಾತು. ನಾನೂರು ವರ್ಷದ ಹಿಂದೆ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಚಿತ್ರ ಬರೆಯುತ್ತಿದ್ದ ಕಾರ್ನೆಲಿಸ್ ಹೇಡಾ ಹಾರ್ಲೆಮ್ ಪಟ್ಟಣದವನು. ನೇಸ್ಕೆನ್ಸ್ ಹುಟ್ಟಿದ ಹೇಮ್‌ಸ್ಟೇಡ್ ಅದಕ್ಕೆ ಅಂಟಿಕೊಂಡೇ ಇದೆ.

ಇನ್ನು ಸಾಹಿತ್ಯದ ಪ್ರಶ್ನೆ. ಹೆಣ್ಣುಮಕ್ಕಳು ಬೀಸುತ್ತ ಕುಟ್ಟುತ್ತ ಹಾಡಿದ್ದನ್ನು ಕೂಡಿಹಾಕಿ ಕನ್ನಡಕ್ಕೆ ಕೊಟ್ಟ ಹಲಸಂಗಿ ಗೆಳೆಯರು ಈ ಜಿಲ್ಲೆಯವರು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆ ಹುಡುಕಿ ವಚನಗಳನ್ನು ಅಚ್ಚು ಹಾಕಿದ್ದು ಈ ಊರಿನಲ್ಲಿ. ಬಾಯಲ್ಲೇ ಉಳಿದು ಹೋಗಬಹುದಾದದ್ದನ್ನು ಬರೆದಿಡುವುದು ನಮ್ಮ ಮಣ್ಣಿನ ಸಾಹಿತ್ಯದ ಮೊದಲ ಕೆಲಸವಾಗಿತ್ತು. ಗರಡಿಮನೆಯ ವಸ್ತಾದರ ಪಟ್ಟುಗಳು, ಸೈಕಲ್ ಕೋಚ್‌ಗಳ ಲೆಕ್ಕಾಚಾರಗಳು ಇವತ್ತಿಗೂ ಬಾಯಲ್ಲೇ ಇವೆ. ಅವರು ಹೋದರೆ ಅವೂ ಹೋದವು.

ತಿಕೋಟಾ ರಸ್ತೆಗೋ ಬಬಲೇಶ್ವರ ರಸ್ತೆಗೋ ನಸುಕಿನಲ್ಲಿ ಹೋಗಿ ನಿಲ್ಲಿ. ಹತ್ತಾರು ಹುಡುಗರು ಒಂದೇ ಸಾಲಿನಲ್ಲಿ ಬರುತ್ತಾರೆ, ಒಬ್ಬನ ಹಿಂದಿನ ಗಾಲಿಗೆ ಇನ್ನೊಬ್ಬನ ಮುಂದಿನ ಗಾಲಿ ಗೇಣಳತೆಯಲ್ಲಿ. ಪಕ್ಕದಲ್ಲಿ ಮೋಟರ್‌ಸೈಕಲ್ ಮೇಲೆ ಕೋಚ್. “ಏ ತಮ್ಮಾ, ಗಾಳಿ ಎದುರ ಐತಿ, ಗಾಲಿ ಬಿಡಬ್ಯಾಡ!” ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವರಿಗೆ ದಣಿವು ಕಡಿಮೆ, ಅವನು ಸೋತಾಗ ಬದಿಗೆ ಸರಿದು ಸಾಲಿನ ಕೊನೆಗೆ ಬರುತ್ತಾನೆ, ಎರಡನೆಯವನು ಮುಂದಾಗುತ್ತಾನೆ. ಯಾರು ಎಷ್ಟು ಹೊತ್ತು ಮುಂದಿರಬೇಕು, ಯಾವ ಹುಡುಗನ ಉಸಿರು ಎಲ್ಲಿ ಕಟ್ಟುತ್ತದೆ ಎಂಬುದೆಲ್ಲ ಆ ಕೋಚ್‌ನ ತಲೆಯಲ್ಲಿದೆ. ಯಾವ ಪುಸ್ತಕದಲ್ಲೂ ಇಲ್ಲ.

ಸೈಕಲ್ ಪಂದ್ಯದ ಟ್ರ್ಯಾಕ್ ಆದ ವೆಲೊಡ್ರೋಮ್‌ಗಾಗಿ ಈ ಊರು ವರ್ಷಗಟ್ಟಲೆ ಕಾದಿದೆ. ಕಾಂಕ್ರೀಟು ಯಾವಾಗ ಮುಗಿಯುತ್ತದೆ ಎಂದು ಎಲ್ಲರೂ ಕೇಳುತ್ತ ಬಂದಿದ್ದಾರೆ. ಅದರ ಮೇಲೆ ಕಲಿಸುವವರು ಯಾರು, ಅವರಿಗೆ ಸಂಬಳ ಎಷ್ಟು, ನೌಕರಿ ಕಾಯಮ್ಮೋ ಗುತ್ತಿಗೆಯೋ ಎಂದು ಕೇಳುವವರಿಲ್ಲ. ನಮ್ಮೂರ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತಿದ್ದು ಮಕ್ಕಳಿಗೂ ಗೊತ್ತು, ಗೊತ್ತಿರಲೇಬೇಕು. ಆ ಎಡಗೈಗೆ ಮೊದಲು ಚೆಂಡು ಹಿಡಿಯುವುದನ್ನು ತೋರಿಸಿದವರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಸರ್ಕಾರವೂ ಹೀಗೆಯೇ. ಆಟಗಾರರ ಅರ್ಜುನ ಪ್ರಶಸ್ತಿ ಹುಟ್ಟಿದ್ದು 1961ರಲ್ಲಿ, ಕೋಚ್‌ಗಳ ದ್ರೋಣಾಚಾರ್ಯ ಪ್ರಶಸ್ತಿ 1985ರಲ್ಲಿ. ಕಲಿಸುವವರು ದೆಹಲಿಯ ಕಣ್ಣಿಗೆ ಬೀಳಲು 24 ವರ್ಷ ಬೇಕಾಯಿತು.

ಈ ಸಂಚಿಕೆ ಕಲಿಸಿದವರದು. ಇಲ್ಲಿಗೆ ನಿಲ್ಲಿಸುವುದೂ ಇಲ್ಲ. ಮುಂದಿನ ಪ್ರತಿ ಸಂಚಿಕೆಯಲ್ಲಿ ಒಬ್ಬ ವಸ್ತಾದ ಅಥವಾ ಕೋಚ್ ಅವರ ಮಾತುಗಳು ಅವರದೇ ಭಾಷೆಯಲ್ಲಿ ಬರುತ್ತವೆ. ತಿಕೋಟಾ, ಬಬಲೇಶ್ವರ ಕಡೆಯ ಓದುಗರು ತಮ್ಮ ಊರಿನವರ ಬಳಿ ಕೂತು ಬರೆದುಕೊಂಡು ಕಳಿಸಬೇಕು. ಚಂದಾ ನಿಲ್ಲಿಸುತ್ತೇವೆಂದು ಪತ್ರ ಹಾಕಿದವರಿಗೆ ಉಳಿದ ಹಣ ಮರಳಿಸುತ್ತೇವೆ, ಪುಟಗಳನ್ನು ಮಾತ್ರ ಬದಲಿಸುವುದಿಲ್ಲ.