ಮನೆ ಬದಲಿಸದವನ ವಾರ್ಡುಗಳು

ಬೆಂಗಳೂರಿನ ಒಂದೇ ಮನೆಯಲ್ಲಿ ನಲವತ್ತು ವರ್ಷಗಳಿಂದ ಇದ್ದೇನೆ. ಬಾಗಿಲು ಅದೇ, ಎದುರಿನ ಹೊಂಗೆ ಮರ ಅದೇ, ಮಳೆ ಬಂದರೆ ಬೀದಿಯ ತಿರುವಿನಲ್ಲಿ ನೀರು ನಿಲ್ಲುವ ಜಾಗವೂ ಅದೇ. ಆದರೆ 2025ರ ಡಿಸೆಂಬರಿನ ಒಂದು ಬೆಳಿಗ್ಗೆ, ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗ “ಸಾರ್, ನಮ್ಮದು ಯಾವ ವಾರ್ಡು?” ಎಂದು ಕೇಳಿದಾಗ ತಬ್ಬಿಬ್ಬಾದೆ. ಯಾವ ವರ್ಷದ ಲೆಕ್ಕದಲ್ಲಿ ಹೇಳಲಿ? ನಾನು ಮನೆ ಬದಲಿಸಲಿಲ್ಲ. ವಾರ್ಡೇ ನನ್ನ ಸುತ್ತ ಬದಲಾಗುತ್ತ ಬಂದಿದೆ.

ಈ ಮನೆಗೆ ಬಂದ ಹೊಸತರಲ್ಲಿ ಅಮ್ಮ ಇದ್ದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಕೌನ್ಸಿಲರ್ ಮನೆ ಗೊತ್ತಿತ್ತು. ನಲ್ಲಿಯಲ್ಲಿ ನೀರು ಬಾರದ ದಿನ ಬರಿಗೊಡವನ್ನು ಸೊಂಟಕ್ಕಿಟ್ಟುಕೊಂಡು ಅಲ್ಲಿಗೇ ಹೋಗಿ, “ಏನಪ್ಪಾ, ಓಟು ಕೇಳೋವಾಗ ನಮ್ಮನೆ ಗೊತ್ತಿತ್ತು, ಈಗ ಬೀದಿನೇ ಮರೆತೋಯ್ತಾ?” ಎನ್ನುತ್ತಿದ್ದಳು. ಆತ ಬಹಳ ಪ್ರಾಮಾಣಿಕನಾಗಿದ್ದ ಎಂದು ನಾನು ಹೇಳಲಾರೆ. ಆದರೆ ಹಲ್ಲುಜ್ಜುತ್ತಲೇ ಹೊರಗೆ ಬಂದು, ನಿಂತು, ಬೈಸಿಕೊಳ್ಳುತ್ತಿದ್ದ. ಪ್ರಜಾಪ್ರಭುತ್ವ ಎಂದರೆ ನನಗೆ ಇಂದಿಗೂ ನೆನಪಾಗುವುದು ಆ ದೃಶ್ಯವೇ.

ಈ ಊರಿನ ಪುರಾಡಳಿತಕ್ಕೆ ದೀರ್ಘ ಚರಿತ್ರೆಯಿದೆ. 1862ರಲ್ಲಿ ಪೇಟೆಗೆ ಒಂಬತ್ತು ಜನ ಗಣ್ಯರ ಮಂಡಳಿ ಬಂತು. ಅದೇ ವರ್ಷ ದಂಡಿಗೂ ಬೇರೆಯದೇ ಮುನಿಸಿಪಾಲಿಟಿ ಆಯಿತು. ಎರಡನ್ನೂ ಕೂಡಿಸಿ ಒಂದು ಕಾರ್ಪೊರೇಷನ್ ಮಾಡಿದ್ದು 1949ರಲ್ಲಿ. 1990ರ ದಶಕದ ಮಧ್ಯದಲ್ಲಿ 87 ಇದ್ದ ವಾರ್ಡುಗಳು 100 ಆದವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು; ಆಮೇಲೆ ವಾರ್ಡುಗಳು 198. ಇದರಲ್ಲಿ ನನಗೆ ತಕರಾರಿಲ್ಲ. ಮಗು ಬೆಳೆದರೆ ಹೊಸ ಅಂಗಿ ಹೊಲಿಸಲೇಬೇಕು. ತಕರಾರಿರುವುದು, ಅಂಗಿ ಹೊಲಿಸುತ್ತಿದ್ದೇವೆ ಎಂಬ ನೆಪದಲ್ಲಿ ಮಗುವನ್ನು ವರ್ಷಗಟ್ಟಲೆ ಬರಿಮೈಯಲ್ಲಿ ನಿಲ್ಲಿಸುವುದರ ಬಗ್ಗೆ.

2006ರ ನವೆಂಬರಿನಲ್ಲಿ ಆಗಿನ ಸಭೆಯ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ನಡುವಿನ ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಯ ಕಾರುಬಾರು. 2015ರಲ್ಲಿ ಆರಿಸಿದ ಸಭೆ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲಿನ ಕಥೆ ಕೇಳಿ. 198 ಸಾಲದು, 243 ಬೇಕು ಎಂದರು. 2020ರ ಡಿಸೆಂಬರಿನಲ್ಲಿ ಹೈಕೋರ್ಟು, ಇರುವ 198ಕ್ಕೇ ಚುನಾವಣೆ ನಡೆಸಿ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟಿನಲ್ಲಿ ತಡೆ ಸಿಕ್ಕಿತು. 2022ರಲ್ಲಿ 243ರ ಗೆರೆ ಎಳೆದರು. 2023ರಲ್ಲಿ ಅದನ್ನು ಅಳಿಸಿ 225 ಮಾಡಿದರು. 2025ರಲ್ಲಿ ಪಾಲಿಕೆಯನ್ನೇ ಐದು ತುಂಡು ಮಾಡಿ 369 ಮಾಡಿದರು. ವಿಚಿತ್ರ ನೋಡಿ, ಇಷ್ಟೂ ಲೆಕ್ಕಕ್ಕೆ ಆಧಾರ 2011ರ ಜನಗಣತಿಯೊಂದೇ. ಎಣಿಸಿದ ತಲೆಗಳು ಅವೇ. ಬದಲಾದದ್ದು ಎಣಿಸುವವರ ಅನುಕೂಲ.

ವಾರ್ಡು ಚಿಕ್ಕದಾದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯದೇ. 2011ರ ಲೆಕ್ಕದಲ್ಲೇ 198 ವಾರ್ಡುಗಳಿಗೆ ತಲಾ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ಅಷ್ಟು ಜನರನ್ನು ಒಬ್ಬ ಸದಸ್ಯ ನೋಡಿಕೊಳ್ಳುವುದು ಕಷ್ಟ. ಆದರೆ ಆ ಕೆಲಸವನ್ನು ಸಭೆ ಜೀವಂತವಿರುವಾಗಲೇ ಏಕೆ ಮಾಡಲಿಲ್ಲ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಹಳೆಯ ಸಭೆಯ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. ಗೆರೆ ಎಳೆಯುವ ಕೆಲಸ ಬಾಕಿಯಿದೆ ಎಂಬುದು ಚುನಾವಣೆ ಮುಂದೂಡಲು ನೆಪವಾಗಬಾರದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲೇ ಅಹಮದಾಬಾದಿನ ಪ್ರಕರಣದಲ್ಲಿ ಹೇಳಿತ್ತು. ನಮ್ಮವರು ಅದನ್ನು ಓದಿಲ್ಲವೆಂದು ನಂಬುವಷ್ಟು ಮುಗ್ಧ ನಾನಲ್ಲ.

ಇದು ಒಂದು ಪಕ್ಷದ ಪಾಪವೂ ಅಲ್ಲ. 2023ರಲ್ಲಿ ಸರ್ಕಾರ ಬದಲಾಯಿತು, ಸ್ಕೇಲು ಹಿಡಿದ ಕೈ ಬದಲಾಯಿತು, ಓಟಿನ ದಿನ ಮಾತ್ರ ಬರಲಿಲ್ಲ. ಕಾರಣ ಸರಳ. ಕೌನ್ಸಿಲರ್ ಇಲ್ಲದ ಊರಿನಲ್ಲಿ ಶಾಸಕನೇ ದೊರೆ. ಮೋರಿಯ ಕಾಮಗಾರಿಗೂ ಅವನೇ ಗುದ್ದಲಿ ಪೂಜೆ ಮಾಡಬೇಕು. ಐದು ಪಾಲಿಕೆಗಳ ತಲೆಯ ಮೇಲೆ ಕೂತ ಪ್ರಾಧಿಕಾರಕ್ಕೂ ಮುಖ್ಯಮಂತ್ರಿಯೇ ಅಧ್ಯಕ್ಷರೆಂದು ಕಾನೂನು ಮಾಡಿದರು. ಬರಿಗೊಡ ಹೊತ್ತ ಹೆಂಗಸು ಅವರ ಬಾಗಿಲಿಗೆ ಹೋಗಬಲ್ಲಳೇ?

2020ರ ಸೆಪ್ಟೆಂಬರಿನಿಂದ 2025ರ ಸೆಪ್ಟೆಂಬರಿಗೆ ಐದು ವರ್ಷ, ಅಂದರೆ ಒಂದು ಸಭೆಯ ಪೂರ್ಣ ಆಯುಷ್ಯ. 2021ರ ಕೊರೋನಾ ಎರಡನೇ ಅಲೆ, 2022ರ ಪ್ರವಾಹ, 2024ರ ಬೇಸಿಗೆಯ ನೀರಿನ ಬರ, ಎಲ್ಲವೂ ಆ ಐದು ವರ್ಷದಲ್ಲೇ ಬಂದು ಹೋದವು. ಬೀದಿಯ ಪರವಾಗಿ ಸಭೆಯಲ್ಲಿ ಎದ್ದು ನಿಂತು ಕೂಗಾಡಲು ಒಬ್ಬ ಸದಸ್ಯನೂ ಇರಲಿಲ್ಲ. ಕೂಗಾಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎನ್ನುವುದಿಲ್ಲ. ಆದರೆ ಕೂಗುವ ಬಾಯಿ ನಮ್ಮದು. ಅದನ್ನು ಹೊಲಿಯುವ ಹಕ್ಕು ಯಾರಿಗೂ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಸಭೆಯ ಅವಧಿ ಇನ್ನೂ ಒಂದು ವರ್ಷ ಇರುವಾಗಲೇ ಗೆರೆ ಎಳೆದು ಮುಗಿಸಲಿ. ಮುಗಿಯಲಿಲ್ಲವೋ, ಹಳೆಯ ಗೆರೆಯ ಮೇಲೆಯೇ ಓಟು ನಡೆಯಲಿ. ಸೊಟ್ಟ ವಾರ್ಡಿನಿಂದ ಗೆದ್ದು ಬಂದ ಸದಸ್ಯನನ್ನಾದರೂ ಹೋಗಿ ಬೈಯಬಹುದು. ನೇರವಾದ ನಕ್ಷೆಯನ್ನು ಬೈದು ಏನು ಪ್ರಯೋಜನ?

ಅಂದು ಆ ಹುಡುಗನಿಗೆ ಹೊಸ ಪಟ್ಟಿ ನೋಡಿ ವಾರ್ಡು ಹೇಳಿದೆ. ಅವನು ಬರೆದುಕೊಂಡು, “ಮೆಂಬರ್ ಮನೆ ಎಲ್ಲಿ ಸಾರ್?” ಎಂದ. ಅಮ್ಮ ಇದ್ದಿದ್ದರೆ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ನಾನು ಕಾಫಿ ಕುಡಿಯಪ್ಪಾ ಎಂದು ಒಳಗೆ ಕರೆದೆ.