ಬಳೆ ತೆಗೆದಿಟ್ಟು ಮಿಲ್ಲಿಂಗ್ ಮಷೀನ್ ಮುಂದೆ



ನಮ್ಮ ಮನೆಯ ಹಿಂದಿನ ಶೆಡ್ಡಿಗೆ ಮಿಲ್ಲಿಂಗ್ ಮಷೀನ್ ಬಂದ ದಿನ ನೆರೆಮನೆಯ ಇಬ್ಬರು ಒಣಮೆಣಸಿನ ಚೀಲ ಹಿಡಿದುಕೊಂಡು ಬಂದಿದ್ದರು. ಮಿಲ್ ಎಂದರೆ ಪುಡಿ ಮಾಡುವ ಗಿರಣಿ ಎಂದೇ ಅವರು ತಿಳಿದಿದ್ದರು. ಅವರನ್ನು ನೋಡಿ ನಗುವಂತಿಲ್ಲ, ಮದುವೆಯಾದ ಹೊಸತರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಇದು ಕಬ್ಬಿಣ, ಹಿತ್ತಾಳೆ, ಅಲ್ಯುಮಿನಿಯಂ ತುಂಡುಗಳನ್ನು ಅಳತೆಗೆ ಸರಿಯಾಗಿ ಕೆತ್ತುವ ಯಂತ್ರ. ಹಲ್ಲುಗಳಿರುವ ಕಟ್ಟರ್ ಮೇಲೆ ತಿರುಗುತ್ತಿರುತ್ತದೆ. ಕೆಳಗೆ ಟೇಬಲಿನ ಮೇಲೆ ಬಿಗಿದ ತುಂಡು, ನಾವು ಕೈಚಕ್ರ ತಿರುಗಿಸಿದಂತೆ ಎಡಬಲಕ್ಕೆ, ಹಿಂದೆ ಮುಂದೆ ಸರಿಯುತ್ತದೆ. ಡ್ರಿಲ್ ಕೆಳಕ್ಕೆ ಮಾತ್ರ ಕೊರೆಯುತ್ತದೆ, ಇದು ಪಕ್ಕಕ್ಕೂ ಕತ್ತರಿಸುತ್ತದೆ. ವ್ಯತ್ಯಾಸ ಅಷ್ಟೆ.

ನನ್ನ ಯಜಮಾನರು ಗಲ್ಫಿನಲ್ಲಿ ಮೆಷಿನಿಸ್ಟ್ ಆಗಿದ್ದವರು. ಊರಿಗೆ ಮರಳಿದ ಮೇಲೆ ಒಂದು ಹಳೆಯ ಯಂತ್ರ ಕೊಂಡರು. ಅದು ಬಂದು ಐದು ತಿಂಗಳಾಗಿರಲಿಲ್ಲ, ಅವರಿಗೆ ಪಾರ್ಶ್ವವಾಯು ಬಡಿಯಿತು. ಅಲ್ಲಾಹನ ಅನುಗ್ರಹದಿಂದ ಮಾತು ಉಳಿಯಿತು. ಬಲಗೈಯ ಹಿಡಿತ ಹೋಯಿತು. ವಾಕರ್ ಹಿಡಿಯಲಾಗದ ಕಾರಣ, ಅದರ ಬಲಬದಿಗೆ ಮೊಣಕೈ ಊರುವ ಒಂದು ಹಲಗೆ ಜೋಡಿಸಬೇಕೆಂದು ಫಿಸಿಯೋಥೆರಪಿಯವರು ಹೇಳಿದರು. ಅಂಗಡಿಯಿಂದ ತಂದ ಹಲಗೆಯ ಕ್ಲಿಪ್ ಪೈಪಿನ ಮೇಲೆ ಜಾರುತ್ತಿತ್ತು. ಒಂದು ಸುಬ್‌ಹಿಗೆ ವುಝೂ ಮಾಡಲು ಹೋಗುವಾಗ ಬೀಳುವುದರಲ್ಲಿದ್ದರು.

“ಎರಡು ಅಲ್ಯುಮಿನಿಯಂ ತುಂಡು, ಒಂದೊಂದರಲ್ಲೂ ‘ವಿ’ ಆಕಾರದ ಕಚ್ಚು, ನಡುವೆ ಪೈಪ್, ಎರಡು ಬೋಲ್ಟ್. ಇಷ್ಟು ಮಾಡಿದರೆ ಅಲುಗುವುದಿಲ್ಲ. ಕೈ ಇದ್ದಿದ್ದರೆ ಅರ್ಧ ದಿನದ ಕೆಲಸ” ಎಂದರು.

“ನನ್ನ ಕೈ ಇದೆಯಲ್ಲ, ನೀವು ಹೇಳಿಕೊಡಿ” ಎಂದೆ. ಯೋಚಿಸಿ ಆಡಿದ ಮಾತಲ್ಲ ಅದು.

ಮೊದಲ ಪಾಠವೇ ಬಳೆ ತೆಗೆಯುವುದು. ತಿರುಗುವ ಕಟ್ಟರ್ ಬಟ್ಟೆಯ ಒಂದು ಎಳೆಯನ್ನು ಹಿಡಿದರೆ ಸಾಕು, ಕೈಯನ್ನೂ ಜೊತೆಗೇ ಎಳೆದುಕೊಳ್ಳುತ್ತದೆ. ಬಳೆ, ಉಂಗುರ, ವಾಚು ಇರಕೂಡದು. ಗ್ಲೌಸ್ ಹಾಕಿದರೆ ಕೈಗೆ ರಕ್ಷಣೆ ಎಂದು ನಾನು ಅಂದುಕೊಂಡಿದ್ದೆ. ತಿರುಗುವ ಯಂತ್ರದ ಮುಂದೆ ಗ್ಲೌಸೇ ದೊಡ್ಡ ಅಪಾಯವಂತೆ. ಮಾಮಿ ಜಗುಲಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ನಾನು ಬಳೆ ಕಳಚಿದ್ದೇ ತಡ, “ಗಂಡ ಬದುಕಿರುವಾಗಲೇ ಕೈ ಬರಿದು ಮಾಡುತ್ತೀಯಾ?” ಎಂದು ಕಣ್ಣೀರು ಹಾಕಿದರು. ಮಗನ ಸ್ಥಿತಿ ನೋಡಿ ಮೊದಲೇ ನೊಂದಿದ್ದ ಜೀವ ಅದು. ದೀನ್‌ನಲ್ಲಿ ಇಲ್ಲದ ಇಂಥ ಎಷ್ಟು ನಂಬಿಕೆಗಳನ್ನು ನಾವು ಬಳೆಯಂತೆಯೇ ತೊಟ್ಟುಕೊಂಡಿದ್ದೇವೆ! ಯಜಮಾನರು ಮೆಲ್ಲಗೆ, “ಉಮ್ಮಾ, ಬಳೆ ಇದ್ದರೆ ಕೈ ಹೋಗುತ್ತದೆ. ಮನೆಯಲ್ಲಿ ನೆಟ್ಟಗಿರುವ ಬಲಗೈ ಈಗ ಅವಳದೊಂದೇ” ಎಂದರು. ಮಾಮಿ ಮತ್ತೆ ಮಾತಾಡಲಿಲ್ಲ. ಮರುದಿನದಿಂದ ಬಳೆಗಳನ್ನು ಅವರೇ ತೆಗೆದಿಡುತ್ತಿದ್ದರು.

ಹಾಗಾದರೆ ಹಿಜಾಬ್? ನೀವು ಕೇಳುತ್ತೀರೆಂದು ಗೊತ್ತು. ದುಪಟ್ಟಾ ಹೊದ್ದು ಈ ಯಂತ್ರದ ಬಳಿ ನಿಲ್ಲಬಾರದು, ಅಗಲ ತೋಳಿನ ಬುರ್ಖಾ ಕೂಡ ಬೇಡ. ತಲೆಗೆ ಬಿಗಿಯಾಗಿ ಕೂರುವ ಹೊಲಿದ ಮಕ್ಕನೆ, ಅದರ ಅಂಚು ಕುಪ್ಪಾಯದೊಳಗೆ, ಮೇಲೆ ಮೊಣಕೈವರೆಗಿನ ಗಿಡ್ಡ ತೋಳಿನ ಓವರ್‌ಕೋಟ್. ಕೋಟಿನಿಂದಾಚೆಗೆ ಮಣಿಕಟ್ಟಿನವರೆಗೆ ಮೈಗಂಟುವ ತೋಳು. ಎಲ್ಲೂ ನೇತಾಡುವ ಬಟ್ಟೆಯಿಲ್ಲ, ಔರತ್ತೂ ಮುಚ್ಚಿರುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ.

ಎರಡು ದಿನ ಸ್ವಿಚ್ ಮುಟ್ಟಲು ಬಿಡಲಿಲ್ಲ. ಬರೀ ಕೈಚಕ್ರ ತಿರುಗಿಸುವ ಅಭ್ಯಾಸ. ನಮ್ಮ ಯಂತ್ರದಲ್ಲಿ ಒಂದು ಸುತ್ತಿಗೆ ಟೇಬಲ್ 2.5 ಮಿ.ಮೀ. ಸರಿಯುತ್ತದೆ. ಚಕ್ರದ ಮೇಲೆ 125 ಗೆರೆಗಳು, ಎಂದರೆ ಒಂದು ಗೆರೆಗೆ 0.02 ಮಿ.ಮೀ. ಆದರೆ ದಿಕ್ಕು ಬದಲಿಸಿದಾಗ ಸ್ವಲ್ಪ ದೂರ ಚಕ್ರ ಮಾತ್ರ ತಿರುಗುತ್ತದೆ, ಟೇಬಲ್ ಅಲುಗುವುದಿಲ್ಲ. ಬಾವಿಯ ಹಗ್ಗ ಸಡಿಲವಿದ್ದರೆ ಮೊದಲ ಎಳೆತಕ್ಕೆ ಹಗ್ಗ ಬರುತ್ತದೆ, ಕೊಡ ಏಳುವುದಿಲ್ಲ, ನೋಡಿ, ಹಾಗೆ. ಆದ್ದರಿಂದ ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರಬೇಕು. ದಾಟಿ ಹೋದರೆ ಸಾಕಷ್ಟು ಹಿಂದಕ್ಕೆ ಹೋಗಿ ಮತ್ತೆ ಬರಬೇಕು.

ಗೆರೆ ಎಣಿಸುತ್ತಾ ನನಗೆ ದಾವೂದ್(ಅ)ರ ನೆನಪಾಗುತ್ತಿತ್ತು. ಅಲ್ಲಾಹನು ಅವರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟದ್ದನ್ನು ಸೂರಃ ಸಬಾದಲ್ಲಿ ನಾವೆಲ್ಲ ಓದಿದ್ದೇವೆ. ಆದರೆ ಅಲ್ಲೇ, ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂಬ ಆಜ್ಞೆಯೂ ಇದೆ. ಕಬ್ಬಿಣ ಮೆತ್ತಗಾದ ಮೇಲೂ ಅಳತೆಯಿಂದ ವಿನಾಯಿತಿ ಇಲ್ಲ!

ಇನ್ನು ವೇಗ. ಗಟ್ಟಿ ಲೋಹಕ್ಕೆ ನಿಧಾನ, ಮೆದು ಲೋಹಕ್ಕೆ ವೇಗ. ಸಾಮಾನ್ಯ ಹೈಸ್ಪೀಡ್ ಸ್ಟೀಲ್ ಕಟ್ಟರಿಗೆ ಕಬ್ಬಿಣದಲ್ಲಿ ನಿಮಿಷಕ್ಕೆ 25 ಮೀಟರ್, ಅಲ್ಯುಮಿನಿಯಂನಲ್ಲಿ 60 ಮೀಟರ್ ಎಂದು ಹಿಡಿದು, ಅದನ್ನು 320ರಿಂದ ಗುಣಿಸಿ ಕಟ್ಟರಿನ ದಪ್ಪದಿಂದ ಭಾಗಿಸಿದರೆ ಸುತ್ತುಗಳ ಸಂಖ್ಯೆ ಸಿಗುತ್ತದೆ. 10 ಮಿ.ಮೀ. ಕಟ್ಟರಿಗೆ ಕಬ್ಬಿಣದಲ್ಲಿ 800, ಅಲ್ಯುಮಿನಿಯಂನಲ್ಲಿ 1920. ಹತ್ತನೆಯ ತರಗತಿಯ ಮಗಳು ಬಾಯಲ್ಲೇ ಲೆಕ್ಕ ಹಾಕಿ ಹೇಳಿದಳು.

ಮೊದಲ ತುಂಡನ್ನು ಕೆಡಿಸಿದೆ. ವೈಸಿನಲ್ಲಿ ತುಂಡಿನ ಅಡಿಗೆ ಲೋಹದ ಸಣ್ಣ ಸಿಪ್ಪೆಯೊಂದು ಸಿಕ್ಕಿಕೊಂಡದ್ದನ್ನು ನೋಡಿರಲಿಲ್ಲ. ಒಂದು ತುದಿ ಇನ್ನೊಂದಕ್ಕಿಂತ 0.3 ಮಿ.ಮೀ. ದಪ್ಪವಾಯಿತು. ಎರಡನೆಯದರಲ್ಲಿ ಆದದ್ದು ಅದಕ್ಕಿಂತ ಕೆಟ್ಟದು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತೆಂದು ಅವಸರದಲ್ಲಿ ವೈಸನ್ನು ಅರೆಬರೆ ಬಿಗಿದು ಸ್ವಿಚ್ ಹಾಕಿದೆ. ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿ ತುಂಡನ್ನು ಉಣಿಸಬೇಕೆಂದು ಹೇಳಿದ್ದರು, ನಾನು ಅದರ ಜೊತೆಗೇ ನೂಕಿದೆ. ಹಳೆಯ ಸಡಿಲ ಯಂತ್ರದಲ್ಲಿ ಹಾಗೆ ಮಾಡಿದರೆ ಕಟ್ಟರ್ ತುಂಡನ್ನು ತನ್ನತ್ತ ಕಸಿದುಕೊಳ್ಳುತ್ತದೆ. ಟಪ್ ಎಂದು ಕಟ್ಟರ್ ಮುರಿಯಿತು, ತುಂಡು ಹಾರಿ ಗೋಡೆಗೆ ಬಡಿಯಿತು. ಯಜಮಾನರ ಕುರ್ಚಿಯಿಂದ ಎರಡು ಮಾರು ದೂರ. ಕೈಕಾಲು ನಡುಗಿ ಅಲ್ಲೇ ಕುಳಿತುಬಿಟ್ಟೆ. ಅವರು ಬೈಯಲಿಲ್ಲ. “ಕುಕ್ಕರ್ ಆಫ್ ಮಾಡಿ ಬಾ, ಆಮೇಲೆ ಮಷೀನ್” ಎಂದರು. ಅಂದಿನಿಂದ ಅಸ್ರ್ ಮತ್ತು ಮಗ್ರಿಬ್ ನಡುವೆ, ಒಲೆ ಆರಿದ ಮೇಲೆಯೇ ನನ್ನ ಕೆಲಸ. ಸಹೋದರಿಯರೇ, ತಿಳಿದವರು ಪಕ್ಕದಲ್ಲಿಲ್ಲದೆ ನೀವಂತೂ ಈ ಯಂತ್ರವನ್ನು ಚಾಲೂ ಮಾಡಲೇಬೇಡಿ. ಸಿಪ್ಪೆ ತೆಗೆಯುವುದಾದರೂ ಯಂತ್ರ ಪೂರ್ತಿ ನಿಂತ ಮೇಲೆ, ಬ್ರಷ್‌ನಿಂದ. ಬೆರಳಿನಿಂದಲ್ಲ.

‘ವಿ’ ಕಚ್ಚು ಕಷ್ಟವೆಂದುಕೊಂಡಿದ್ದೆ. ತುಂಡನ್ನೇ 45 ಡಿಗ್ರಿ ಓರೆಯಾಗಿ ವೈಸಿನಲ್ಲಿ ಹಿಡಿದು ನೇರ ಕಟ್ಟರಿನಿಂದ ಮೆಟ್ಟಿಲಿನಂತೆ ಮೂಲೆ ಕತ್ತರಿಸಿದರೆ, ಬಿಚ್ಚಿದಾಗ ಅದೇ ‘ವಿ’! ಒಂದು ಸಲಕ್ಕೆ ಅರ್ಧ ಮಿಲ್ಲಿಮೀಟರಿನಂತೆ ಇಳಿಯುತ್ತಾ 16 ಮಿ.ಮೀ. ಆಳಕ್ಕೆ ಹೋದೆ. ಪೈಪ್ 25 ಮಿ.ಮೀ. ದಪ್ಪದ್ದು. ಎರಡೂ ತುಂಡುಗಳು ಪೈಪನ್ನು ಕಚ್ಚಿದಾಗ ನಡುವೆ ಮೂರು ಮಿಲ್ಲಿಮೀಟರಿಗಿಂತ ತುಸು ಹೆಚ್ಚು ಸಂದು ಉಳಿಯಬೇಕು, ಬೋಲ್ಟ್ ಬಿಗಿಯಲು ಆ ಸಂದು ಬೇಕೇ ಬೇಕು. ಉಳಿಯಿತು, ಅಲ್‌ಹಮ್ದುಲಿಲ್ಲಾಹ್.

ಗಂಡಸರ ಕೆಲಸ ನಿನಗೇಕೆ ಎಂದವರೂ ಇದ್ದಾರೆ. ಪ್ರವಾದಿ ಪತ್ನಿ ಝೈನಬ್ ಬಿಂತ್ ಜಹ್ಶ್(ರ) ಚರ್ಮ ಹದಮಾಡಿ, ಹೊಲಿದು, ಬಂದದ್ದನ್ನು ಸದಕಾ ಮಾಡುತ್ತಿದ್ದರೆಂದು ಅವರಿಗೆ ಹೇಳಿದೆ. ಚರ್ಮ ಹದಮಾಡುವುದು ಈ ಕೆಲಸಕ್ಕಿಂತ ಹಗುರವೇನಲ್ಲ. ಮಗಳು ಈಗ ಎಸ್ಸೆಸ್ಸೆಲ್ಸಿ ನಂತರ ಐಟಿಐಯ ಎರಡು ವರ್ಷದ ಮೆಷಿನಿಸ್ಟ್ ಕೋರ್ಸಿಗೆ ಸೇರುತ್ತೇನೆ ಎನ್ನುತ್ತಿದ್ದಾಳೆ. ನಾನು ಹೂಂ ಎಂದಿದ್ದೇನೆ. ಅವಳ ತಂದೆ ಇನ್ನೂ ಯೋಚಿಸುತ್ತಿದ್ದಾರೆ, ಹೆಂಡತಿಗೆ ಕಲಿಸುವುದಕ್ಕೂ ಮಗಳನ್ನು ಕಳುಹಿಸುವುದಕ್ಕೂ ಅವರ ಲೆಕ್ಕದಲ್ಲಿ ವ್ಯತ್ಯಾಸವಿದೆ.

ಹಲಗೆ ಜೋಡಿಸಿದ ಮೊದಲ ಶುಕ್ರವಾರ ಅವರು ಮೊಣಕೈ ಊರಿಕೊಂಡು ಅಂಗಳ ದಾಟಿ ಗೇಟಿನವರೆಗೆ ಹೋದರು. ವಾಪಸು ಬರುವಾಗ ಮೇಲಿನ ಬೋಲ್ಟ್ ಸ್ವಲ್ಪ ಸಡಿಲವಾಗಿತ್ತು. “ಸ್ಪ್ರಿಂಗ್ ವಾಷರ್ ಹಾಕಲು ಮರೆತಿದ್ದೀ” ಎಂದರು. ಸಂಜೆಯೇ ತಂದು ಹಾಕಿದೆ.