ಸೋತ ಪಂದ್ಯದ ಖರ್ಚು

ಕಾಲಿನಿಂದ ಒದೆಯುವುದು ಅಪರೂಪ, ಕೈಯಲ್ಲಿ ಅವಚಿಕೊಂಡು ಓಡುವುದೇ ಹೆಚ್ಚು. ಅಂಥ ಆಟಕ್ಕೆ ‘ಕಾಲ್ಚೆಂಡು’ ಎಂದು ಹೆಸರಿಟ್ಟುಕೊಂಡು ಅಮೆರಿಕನ್ನರು ನೂರು ವರ್ಷಕ್ಕೂ ಮೇಲ್ಪಟ್ಟು ನೆಮ್ಮದಿಯಾಗಿದ್ದಾರೆ. ಶಬ್ದಕ್ಕೂ ಅರ್ಥಕ್ಕೂ ಇರುವ ನಂಟನ್ನು ಹುಡುಗರಿಗೆ ಬೋಧಿಸಿ ಸಂಬಳ ಪಡೆಯುವ ನನ್ನಂಥವನಿಗೆ ಇದು ಸಹಿಸಲಾಗದ ವಿಷಯ. ಆದರೆ ಆ ಆಟದ ಮೇಲೆ ನನಗಿದ್ದ ಕೋಪಕ್ಕೆ ವ್ಯಾಕರಣವೊಂದೇ ಕಾರಣವಾಗಿರಲಿಲ್ಲ. ನಮ್ಮ ಮನೆಯ ಜಮಾಖರ್ಚೂ ಅದರಲ್ಲಿ ಸೇರಿತ್ತು.

ನನ್ನ ತಮ್ಮ ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. 2021ರ ಆಗಸ್ಟಿನಲ್ಲಿ ಅವನು ಆನ್ ಆರ್ಬರ್ ಎಂಬ ಊರಿಗೆ ಹೊರಟಾಗ, ನಿವೃತ್ತ ಉಪಾಧ್ಯಾಯರಾದ ತಂದೆಯವರು ಮೈಸೂರಿನ ಮನೆಯ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದರು. ಎಂ.ಎಸ್. ಮುಗಿದ ಮೇಲೆ ಅವನು ಸಂಶೋಧನೆಗೆ ಸೇರಿಕೊಂಡ. ಅದಕ್ಕೊಂದು ಸಹಾಯಕ ವೇತನವೂ ದೊರೆಯಿತು. ಸಾಲದ ಕಂತು ತಿಂಗಳು ತಪ್ಪದೆ ಬರುತ್ತಿತ್ತು. ಬಾರದೆ ಇದ್ದವನು ಅವನು. ‘ವಿಮಾನದ ದರ ವಿಪರೀತ, ಮುಂದಿನ ವರ್ಷ ನೋಡೋಣ’ ಎನ್ನುತ್ತಲೇ ಮೂರು ದೀಪಾವಳಿಗಳು ಕಳೆದುಹೋದವು. 2024ರ ದಸರೆಯಲ್ಲಿ ಅಲ್ಲಿಯ ಕನ್ನಡ ಬಂಧುಗಳು ಟಿಕೆಟ್ಟು ಕೊಟ್ಟು ನನ್ನನ್ನು ಉಪನ್ಯಾಸಕ್ಕೆ ಕರೆಸಿಕೊಂಡರು. ಹೊರಡುವ ರಾತ್ರಿ ತಾಯಿ ನನ್ನ ಕೈಗೆ ಎರಡು ವಸ್ತುಗಳನ್ನು ಒಪ್ಪಿಸಿದರು: ಒಂದು ಡಬ್ಬಿ ಚಟ್ನಿಪುಡಿ, ಒಂದು ಪ್ರಶ್ನೆ. “ಯಾವಾಗ ಬರುತ್ತಾನೋ ಸರಿಯಾಗಿ ಕೇಳಿಕೊಂಡು ಬಾ.”

ಉಪನ್ಯಾಸ ಮುಗಿಯಿತು. ಚಟ್ನಿಪುಡಿ ತಮ್ಮನ ಕೈಸೇರಿತು. ಪ್ರಶ್ನೆಯನ್ನು ಎತ್ತುವಷ್ಟರಲ್ಲಿ ಅವನೇ ಹೇಳಿದ: “ಅಣ್ಣಾ, ಅಕ್ಟೋಬರ್ 19, ಶನಿವಾರ, ಇಲಿನಾಯ್ ವಿಶ್ವವಿದ್ಯಾನಿಲಯದ ಮೇಲೆ ನಮ್ಮ ಪಂದ್ಯ. ಷಾಂಪೇನ್ ಎಂಬ ಊರು. ನಿನಗೂ ಸೇರಿಸಿ ರೈಲಿಗೆ ಕಾಯ್ದಿರಿಸಿದ್ದೇನೆ.”

ನನಗೆ ಮೈ ಉರಿಯಿತು. ತಾಯಿಯನ್ನು ನೋಡಲು ಹಣವಿಲ್ಲದವನಿಗೆ ಚೆಂಡಾಟ ನೋಡಲು ಎಲ್ಲಿಂದ ಬಂತು? ಆದರೂ ಪರದೇಶದಲ್ಲಿ ಜಗಳ ಬೇಡವೆಂದು ಬಾಯಿ ಮುಚ್ಚಿಕೊಂಡು ಅವನ ಹಿಂದೆ ಹೊರಟೆ.

ಶುಕ್ರವಾರ ಬೆಳಗ್ಗೆ ರೈಲು. ಮಿಷಿಗನ್ ತಂಡದವರು ತಮ್ಮನ್ನು ‘ವುಲ್ವರೀನ್’ ಎಂದು ಕರೆದುಕೊಳ್ಳುತ್ತಾರೆ. ಅದು ನೀರುನಾಯಿಯ ಕುಲಕ್ಕೆ ಸೇರಿದ, ಕುಬ್ಜ ಕರಡಿಯಂತೆ ತೋರುವ ಒಂದು ಉಗ್ರ ಪ್ರಾಣಿ. ಅಲ್ಲಿಂದ ಶಿಕಾಗೋವಿಗೆ ಹೋಗುವ ರೈಲಿನ ಹೆಸರೂ ವುಲ್ವರೀನ್. ಶಿಕಾಗೋದಲ್ಲಿ ಇಳಿದು ಷಾಂಪೇನಿಗೆ ಹತ್ತಬೇಕಾದ ಗಾಡಿಯ ಹೆಸರು ‘ಇಲಿನೈ’. ಅದು ಎದುರಾಳಿ ತಂಡದ ಹೆಸರು. ಸ್ವಂತ ಪಕ್ಷದ ಬಂಡಿಯಲ್ಲಿ ಅರ್ಧ ದಾರಿ ಹೋಗಿ, ಶತ್ರುಪಕ್ಷದ ಬಂಡಿಯೇರಿ ರಣರಂಗಕ್ಕೆ ಇಳಿಯುವ ಇಂಥ ವ್ಯವಸ್ಥೆ ಕುರುಕ್ಷೇತ್ರದಲ್ಲಿಯೂ ಇದ್ದಂತೆ ಕಾಣೆ.

ತಮ್ಮನ ಮಿತವ್ಯಯವನ್ನು ದಾರಿಯಲ್ಲಿ ಗಮನಿಸಿದೆ. ದಿನ ಸಮೀಪಿಸಿದಂತೆ ಅಲ್ಲಿ ರೈಲಿನ ದರ ಏರುತ್ತದೆಯೆಂದು ಅವನು ಎರಡು ತಿಂಗಳು ಮುಂಚೆಯೇ ಟಿಕೆಟ್ಟು ಕೊಂಡಿದ್ದ. ಪಂದ್ಯದ ವಾರ ಹೋಟೆಲುಗಳ ಬಾಡಿಗೆ ಗಗನಕ್ಕೇರುತ್ತದೆಯೆಂದು ಅರ್ಬಾನಾದಲ್ಲಿರುವ ಸಹಪಾಠಿಯೊಬ್ಬನ ಕೋಣೆಯ ನೆಲವನ್ನು ಗೊತ್ತುಮಾಡಿದ್ದ. ಚೀಲದಲ್ಲಿ ಚಪಾತಿ, ಒಗ್ಗರಣೆ ಅವಲಕ್ಕಿ, ಫ್ಲಾಸ್ಕಿನಲ್ಲಿ ಕಾಫಿ. ನಿಲ್ದಾಣದ ತಿಂಡಿ ಅಂಗಡಿಗಳ ಕಡೆಗೆ ಅವನು ಕಣ್ಣೆತ್ತಿಯೂ ನೋಡಲಿಲ್ಲ.

ಶಿಕಾಗೋದ ಯೂನಿಯನ್ ನಿಲ್ದಾಣದಲ್ಲಿ ಮುಂದಿನ ಗಾಡಿಗಾಗಿ ಸಂಜೆಯವರೆಗೆ ಕಾಯಬೇಕಾಗಿತ್ತು. ಎತ್ತರವಾದ ಗಾಜಿನ ಚಾವಣಿಯ ಕೆಳಗೆ ಮರದ ಉದ್ದ ಬೆಂಚುಗಳು. ಚಪಾತಿ ಮುಗಿಸಿದ ಮೇಲೆ ನನ್ನ ತಾಳ್ಮೆಯೂ ಮುಗಿಯಿತು. “ಅಮ್ಮ ಅಲ್ಲಿ ಕ್ಯಾಲೆಂಡರು ನೋಡುತ್ತಾ ಕೂತಿದ್ದಾಳೆ. ನೀನು ಇಲ್ಲಿ ಆಟ ನೋಡಲು ದುಡ್ಡು ಸುರಿಯುತ್ತಿದ್ದೀಯಲ್ಲ, ನಿನಗೆ ಏನೂ ಅನ್ನಿಸುವುದಿಲ್ಲವೆ?” ಎಂದೆ.

ಅವನು ಉತ್ತರ ಕೊಡದೆ ಚೀಲದಿಂದ ಒಂದು ಪುಟ್ಟ ಲೆಕ್ಕದ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟ. ಒಂದೊಂದು ಪುಟಕ್ಕೂ ಕನ್ನಡದಲ್ಲಿ ತಲೆಬರಹ: ಸಾಲ, ಊರು, ಪಂದ್ಯ. ‘ಊರು’ ಎಂಬಲ್ಲಿ ಇಳಿಕೆಯಿಲ್ಲದೆ ಕೂಡಿಬಂದ ಮೊತ್ತ 640 ಡಾಲರು. ಊರಿಗೆ ಹೋಗಿ ಬರುವ ವಿಮಾನಕ್ಕೆ 1400 ಬೇಕು. ‘ಪಂದ್ಯ’ ಎಂಬಲ್ಲಿ ಇಡೀ ವರ್ಷಕ್ಕೆ ಒಂದೇ ಪ್ರಯಾಣ: ರೈಲು 92, ಪ್ರವೇಶ 75, ಇತರೆ 13, ಒಟ್ಟು 180.

“ಈ 180ನ್ನೂ ಊರಿನ ಪುಟಕ್ಕೆ ಸೇರಿಸಿದ್ದರೆ 820 ಆಗುತ್ತಿತ್ತು” ಎಂದೆ, ಮೇಷ್ಟರ ಮಗನಿಗೆ ತಕ್ಕಂತೆ.

“ಆಗುತ್ತಿತ್ತು. ಆದರೆ ಮೊದಲನೆಯ ವರ್ಷವೇ ನಾನು ಓದು ಬಿಟ್ಟು ಬಂದುಬಿಡುತ್ತಿದ್ದೆ, ಅಣ್ಣಾ” ಎಂದ. ನಾನು ತಲೆಯೆತ್ತಿ ನೋಡಿದೆ. ದೂರವಾಣಿಯಲ್ಲಿ ಅವನು ಎಂದೂ ಹೇಳಿರದ ಮಾತು ಅದು.

2021ರ ನವೆಂಬರ್. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ವಿದ್ಯಾರ್ಥಿಗಳೆಲ್ಲ ಅವರವರ ಮನೆಗಳಿಗೆ ಹೋಗಿದ್ದರು. ಇವನು ಮೂರು ದಿನ ಯಾರೊಡನೆಯೂ ಒಂದು ಮಾತನ್ನೂ ಆಡಿರಲಿಲ್ಲ. ಹಿಂದಿರುಗುವ ವಿಮಾನದ ದರವನ್ನು ರಾತ್ರಿಯೆಲ್ಲ ನೋಡುತ್ತಿದ್ದನಂತೆ. ಕೋಣೆಯ ಗೆಳೆಯ ಊರಿಗೆ ಹೋಗುವಾಗ ತನ್ನ ಪಂದ್ಯದ ಚೀಟಿಯನ್ನು ಇವನಿಗೆ ಕೊಟ್ಟುಹೋಗಿದ್ದ. 27ನೆಯ ತಾರೀಖು ಶನಿವಾರ, ಬೇರೇನೂ ತೋಚದೆ ಇವನು ಮಿಷಿಗನ್ ಕ್ರೀಡಾಂಗಣಕ್ಕೆ ಹೋದ. 1927ರಲ್ಲಿ ತೆರೆದ ಆ ಕ್ರೀಡಾಂಗಣದಲ್ಲಿ ಅಂದು ಸೇರಿದ್ದವರು ಲಕ್ಷಕ್ಕೂ ಮಿಕ್ಕ ಜನ. ಎದುರಾಳಿ, ಬದ್ಧದ್ವೇಷಿಯಾದ ಓಹಾಯೋ ಸ್ಟೇಟ್. ಅವರನ್ನು ಮಿಷಿಗನ್ 2011ರಿಂದೀಚೆಗೆ ಗೆದ್ದಿರಲಿಲ್ಲ. ಹಿಮ ಬೀಳುತ್ತಿತ್ತು. ಮೈಸೂರಿನ ಸ್ವೆಟರು ತೊಟ್ಟು ನಡುಗುತ್ತಿದ್ದವನ ಹೆಗಲಿಗೆ ಪಕ್ಕದ ಮುದುಕಿಯೊಬ್ಬಳು ತನ್ನ ಕಂಬಳಿಯ ಅರ್ಧವನ್ನು ಹೊದಿಸಿದಳು. ಮಿಷಿಗನ್ 42–27ರಿಂದ ಗೆದ್ದಾಗ ಆಕೆ ಇವನನ್ನು ಅಪ್ಪಿಕೊಂಡು ಅತ್ತಳಂತೆ.

“ಆಕೆಯ ಹೆಸರೂ ನನಗೆ ಗೊತ್ತಿಲ್ಲ. ಆ ದಿನ ಕೋಣೆಗೆ ಬಂದು ವಿಮಾನದ ದರ ನೋಡಲಿಲ್ಲ, ಓದಲು ಕೂತೆ” ಎಂದ.

ನಾನು ಪುಸ್ತಕವನ್ನು ಮುಚ್ಚಿ ಹಿಂದಕ್ಕೆ ಕೊಟ್ಟೆ.

ಸಂಜೆಯ ಗಾಡಿ ಮುಸುಕಿನ ಜೋಳದ ಬಯಲುಗಳ ನಡುವೆ ಸಾಗಿತು. ದಿಗಂತದವರೆಗೂ ಒಂದು ದಿಣ್ಣೆಯಿಲ್ಲ. ಮಿಷಿಗನ್ ತಂಡದ ಬಣ್ಣಗಳು ನೀಲಿ ಮತ್ತು ಜೋಳದ ಹಳದಿ. ಶತ್ರುವಿನ ನೆಲವೇ ನಮ್ಮ ಬಣ್ಣವನ್ನು ಉಟ್ಟು ನಿಂತಿದೆಯೆಂದು ತಮ್ಮ ಸಂಭ್ರಮಪಟ್ಟ. ಊರಿನ ಹೆಸರು ಷಾಂಪೇನ್ ಆದರೂ ನಾವು ಅಲ್ಲಿ ಕುಡಿದದ್ದು ಫ್ಲಾಸ್ಕಿನ ತಣ್ಣನೆಯ ಕಾಫಿಯನ್ನು ಮಾತ್ರ.

ಮರುದಿನ ಅರ್ಬಾನಾದಿಂದ ನಡೆದೇ ಹೋದೆವು. ಕ್ರೀಡಾಂಗಣದ ಸುತ್ತ ಜನ ಕಾರುಗಳ ಹಿಂಬಾಗಿಲು ತೆರೆದು, ಒಲೆ ಹೂಡಿ, ನಂಜನಗೂಡಿನ ಜಾತ್ರೆಯಲ್ಲಿ ಬೀಡುಬಿಟ್ಟವರಂತೆ ಅಡುಗೆಯಲ್ಲಿ ತೊಡಗಿದ್ದರು. ಕಿತ್ತಳೆ ಬಣ್ಣದ ಟೋಪಿ ಧರಿಸಿದ್ದ ಎದುರು ಪಕ್ಷದ ಮುದುಕನೊಬ್ಬ ನಮ್ಮ ಹಳದಿ ಅಂಗಿಗಳನ್ನು ನೋಡಿ ಗಹಗಹಿಸಿ ನಕ್ಕು, ಸುಟ್ಟ ಜೋಳದ ತೆನೆಗಳೆರಡನ್ನು ನಮ್ಮ ಕೈಗಿತ್ತ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಉಳಿದಿದ್ದ ಅವಲಕ್ಕಿಯನ್ನು ಅವನೊಡನೆ ಹಂಚಿಕೊಂಡು ಮುಗಿಸಿದೆವು. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಹಿಡಿ ಕೇಳಿದ.

ಆ ಕ್ರೀಡಾಂಗಣ ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕ. ಇಕ್ಕೆಲಗಳ ಕಂಬಗಳ ಮೇಲೆ ಅವರ ಹೆಸರುಗಳಿವೆ. 1924ರ ಅಕ್ಟೋಬರ್ 18ರಂದು ಅದರ ಸಮರ್ಪಣೆಯ ದಿನ ಇದೇ ಮಿಷಿಗನ್ ತಂಡ ಅಲ್ಲಿ ಆಡಿತ್ತು. ಬೇಸಗೆಯ ರಜೆಗಳಲ್ಲಿ ಮನೆಮನೆಗೆ ಮಂಜುಗಡ್ಡೆ ಹೊತ್ತು ಸಂಪಾದಿಸುತ್ತಿದ್ದ ರೆಡ್ ಗ್ರೇಂಜ್ ಎಂಬ ವಿದ್ಯಾರ್ಥಿ ಅಂದು ಮೊದಲ 12 ನಿಮಿಷಗಳಲ್ಲಿ ನಾಲ್ಕು ಸಲ ಗೆರೆ ದಾಟಿದ. ಇಲಿನಾಯ್ 39–14ರಿಂದ ಗೆದ್ದಿತು. ಅದರ ಶತಮಾನೋತ್ಸವಕ್ಕೆಂದೇ ಈ ಪಂದ್ಯ.

ಆಟದ ಮರ್ಮವನ್ನು ತಮ್ಮ ವಿವರಿಸಿದ: ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಸಾಗಿದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ನೂರು ಗಜದ ಮೈದಾನವನ್ನು ಕಂತು ಕಂತಾಗಿ ತೀರಿಸುವ ಆಟ! ಸಾಲ ಮಾಡಿದ ಮನೆಯವನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿರಲಿಲ್ಲ. ಒಂದೊಂದು ಗಜಕ್ಕೂ ನಾನು ಎದ್ದು ನಿಂತು ಕೂಗಿದೆ. ಹಿಂದಿನ ಋತುವಿನಲ್ಲಿ ರಾಷ್ಟ್ರಕ್ಕೇ ಪ್ರಥಮವಾಗಿದ್ದ ಮಿಷಿಗನ್ ಅಂದು 21–7ರಿಂದ ಸೋತಿತು.

ಹೊರಗೆ ಬರುವಾಗ ಹಳದಿ ಅಂಗಿಯ ಅಪರಿಚಿತರು ಎದುರಾದಲ್ಲೆಲ್ಲ ‘ಗೋ ಬ್ಲೂ’ ಎಂದು ತಗ್ಗಿದ ದನಿಯಲ್ಲಿ ತಮ್ಮನನ್ನು ಮಾತನಾಡಿಸುತ್ತಿದ್ದರು. ಹತ್ತಿರದವರ ಮನೆಯಲ್ಲಿ ಸಾವಾದಾಗ ನಾವು ಮಾತನಾಡಿಸುವಂತೆ ಇತ್ತು ಅದು. ಮೂರು ವರ್ಷದ ಹಿಂದೆ ಮಾತಿಗೊಬ್ಬರಿಲ್ಲದೆ ಇದ್ದ ಹುಡುಗ ಅವನು. ತಾಯಿಯ ಪ್ರಶ್ನೆಯನ್ನು ನಾನು ಆಗ ಕೇಳಿದೆ. “ಜೂನ್ ತಿಂಗಳಲ್ಲಿ” ಎಂದ. ಮತ್ತೆ ಪುಸ್ತಕ ತೆಗೆದು ನೋಡಿ, “ತಿಂಗಳಿಗೆ ನೂರರಂತೆ, ಜೂನಿಗೆ ಆಗುತ್ತದೆ” ಎಂದ.

ಮೈಸೂರಿಗೆ ಬಂದು ಎಲ್ಲವನ್ನೂ ವರದಿ ಮಾಡಿದೆ. 180 ಡಾಲರೆಂದರೆ 15 ಸಾವಿರ ರೂಪಾಯಿ ಎಂಬುದನ್ನೂ ಮುಚ್ಚಿಡಲಿಲ್ಲ. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, “ಗೆದ್ದರೇನಪ್ಪಾ?” ಎಂದರು.

“ಇಲ್ಲ, ಸೋತರು.”

“ಪಾಪ, ಅಷ್ಟು ದೂರ ಹೋಗಿ…” ಎಂದು ಕನ್ನಡಕ ಒರೆಸಿಕೊಂಡರು. ಆಮೇಲೆ, ನಮಗೆಂದೂ ಹೇಳದ ಸಂಗತಿಯೊಂದನ್ನು ಹೇಳಿದರು. 1974ರ ಮಾರ್ಚಿಯಲ್ಲಿ, 15 ವರ್ಷ ಸತತವಾಗಿ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಕರ್ನಾಟಕವು ಬೆಂಗಳೂರಿನಲ್ಲಿ ಸೋಲಿಸಿತಷ್ಟೆ. ಆ ಪಂದ್ಯ ನೋಡಲೆಂದು, ವಿದ್ಯಾರ್ಥಿಯಾಗಿದ್ದ ಅವರು ಎರಡು ವಾರ ಹಾಸ್ಟೆಲಿನ ರಾತ್ರಿಯ ಊಟ ಬಿಟ್ಟು ರೈಲಿನ ಚಾರ್ಜು ಹೊಂದಿಸಿದ್ದರಂತೆ. ಅಜ್ಜನಿಗೆ ಅವರು ಹೇಳಿದ್ದು, ಪುಸ್ತಕಕ್ಕೆ ಹಣ ಸಾಲದೆ ಬಂತೆಂದು.

2025ರ ಜೂನಿನಲ್ಲಿ ತಮ್ಮ ಬಂದ. ಮರುದಿನ ಬೆಳಗ್ಗೆ ಲೆಕ್ಕದ ಪುಸ್ತಕವನ್ನು ತಂದೆಯವರ ಮುಂದೆ ಇಟ್ಟ. ಅವರು ಸಾಲದ ಪುಟವನ್ನು ಕೂಡಿ ನೋಡಿದರು, ಊರಿನ ಪುಟವನ್ನು ಕೂಡಿ ನೋಡಿದರು, ಪಂದ್ಯದ ಪುಟ ಬಂದಾಗ ಪೆನ್ಸಿಲನ್ನು ಕೆಳಗಿಟ್ಟು, “ಇದು ಸರಿಯಾಗಿರುತ್ತದೆ, ಬಿಡು. ಈ ಸಲ ನಿಮ್ಮ ಪಂದ್ಯ ಯಾರ ಮೇಲೆ?” ಎಂದು ಕೇಳಿದರು.